ಪೇತ್ರನ ಕತ್ತಿ, ಟೆಕ್ಸಾಸಿನ ಬಂದೂಕು



ಗೆತ್ಸೆಮನೆಯ ತೋಪಿನಲ್ಲಿ ಅಂದು ರಾತ್ರಿ ಮೊದಲು ಏಟು ಹಾಕಿದವನು ಶತ್ರುವಲ್ಲ, ಪ್ರಭುವಿನ ಆಪ್ತ ಶಿಷ್ಯ. ಪೇತ್ರನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಗುರುವನ್ನು ಕಾಪಾಡಬೇಕೆಂಬ ಪ್ರೀತಿಯಿಂದಲೇ ಅವನು ಕತ್ತಿ ಹಿರಿದ. ಆದರೆ ಏಟು ಬಿದ್ದದ್ದು ಪ್ರಧಾನಯಾಜಕನ ಆಳಾದ ಮಲ್ಕನ ಬಲಗಿವಿಗೆ. ಮಲ್ಕ ಆಜ್ಞೆ ಕೊಟ್ಟವನಲ್ಲ, ದ್ರೋಹ ಬಗೆದವನೂ ಅಲ್ಲ. ಯಜಮಾನ ಕಳುಹಿಸಿದ್ದಕ್ಕೆ ಬಂದವನು. ಒಳ್ಳೆಯ ಮನಸ್ಸಿನಿಂದ ಹಿರಿದ ಆಯುಧವೂ ತಗಲಬೇಕಾದವರಿಗೇ ತಗಲುತ್ತದೆಂಬ ಖಾತ್ರಿಯಿಲ್ಲ.

ಈ ಘಟನೆಯನ್ನು ಇಂದು ನಿಮ್ಮ ಮುಂದಿಡಲು ಕಾರಣವಿದೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಕೆಲವರು ಡಲ್ಲಾಸಿನಲ್ಲಿ, ಕೆಲವರು ಹ್ಯೂಸ್ಟನ್ನಿನಲ್ಲಿ, ಕೆಲವರು ಫ್ಲಾರಿಡಾದಲ್ಲಿ. "ಫಾದರ್, ನನ್ನ ಮಗ ಅಲ್ಲಿ ಒಂದು ಪಿಸ್ತೂಲು ಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಎಲ್ಲರೂ ಸೊಂಟಕ್ಕೆ ಕಟ್ಟಿಕೊಂಡೇ ಅಂಗಡಿಗೆ ಹೋಗುತ್ತಾರಂತೆ. ಇದು ಪಾಪ ಅಲ್ಲವೇ?" ಎಂದು ತಾಯಂದಿರು ಕೇಳುತ್ತಾರೆ. ಇದಕ್ಕೆ ಒಂದೇ ಮಾತಿನಲ್ಲಿ ಹೌದು ಅಥವಾ ಅಲ್ಲ ಎಂದು ಹೇಳಿ ಕಳುಹಿಸುವುದು ಸರಿಯಲ್ಲ.

ಮೊದಲು ಅಲ್ಲಿನ ವಿಷಯವನ್ನು ತಿಳಿಯೋಣ. ಶಸ್ತ್ರ ಹೊಂದುವ ಹಕ್ಕು ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ, ಎರಡನೆಯ ತಿದ್ದುಪಡಿಯ ಮೂಲಕ. ಮನೆಯೊಳಗೆ ಆತ್ಮರಕ್ಷಣೆಗಾಗಿ ಕೈಬಂದೂಕು ಇಟ್ಟುಕೊಳ್ಳುವುದು ಪ್ರತಿಯೊಬ್ಬನ ಹಕ್ಕೆಂದು 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಮನೆಯ ಹೊರಗೂ ಆ ಹಕ್ಕು ಇದೆಯೆಂದು 2022ರಲ್ಲಿ ತೀರ್ಪಿತ್ತಿತು. ಆದರೆ ಬಂದೂಕನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯುವುದು ಬೇರೆ, ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಂಡು ನಡೆಯುವುದು ಬೇರೆ. ಈ ಎರಡನೆಯದನ್ನು ಅವರು 'ಓಪನ್ ಕ್ಯಾರಿ' ಎನ್ನುತ್ತಾರೆ. ಬಂದೂಕಿನ ನಾಡೆಂದೇ ನಾವು ತಿಳಿದಿರುವ ಟೆಕ್ಸಾಸಿನಲ್ಲಿ ಕೂಡ ಇದಕ್ಕೆ 1871ರ ಕಾನೂನಿನಿಂದ ತಡೆಯಿತ್ತು. ಪರವಾನಗಿ ಉಳ್ಳವರು ಬಹಿರಂಗವಾಗಿ ಕೈಬಂದೂಕು ಧರಿಸಬಹುದೆಂಬ ಕಾನೂನು 2015ರಲ್ಲಿ ಅಂಗೀಕಾರವಾಗಿ 2016ರ ಜನವರಿ 1ರಿಂದ ಜಾರಿಗೆ ಬಂತು. 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಬೇರೆ ಅಡ್ಡಿಯಿಲ್ಲದ 21 ವರ್ಷ ಮೀರಿದವರಿಗೆ ಆ ಪರವಾನಗಿಯೂ ಬೇಡವಾಯಿತು. ಫ್ಲಾರಿಡಾದಲ್ಲಿ 1987ರಿಂದ ಇದ್ದ ನಿಷೇಧವನ್ನು 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು ತೆಗೆದುಹಾಕಿತು.

ಇದನ್ನು ಬಯಸುವವರೆಲ್ಲ ರಕ್ತಪಿಪಾಸುಗಳೆಂದು ಭಾವಿಸಬೇಡಿ. ಕಣ್ಣಿಗೆ ಕಾಣುವ ಬಂದೂಕು ಕಳ್ಳನನ್ನು ದೂರದಿಂದಲೇ ಹಿಮ್ಮೆಟ್ಟಿಸುತ್ತದೆ ಎಂಬುದು ಅವರ ವಾದ. ಪೊಲೀಸರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಒಂಟಿ ಹೆಂಗಸು ಏನು ಮಾಡಬೇಕು ಎಂದು ಅವರು ಕೇಳುತ್ತಾರೆ. 2019ರ ಡಿಸೆಂಬರ್ 29ರಂದು ಟೆಕ್ಸಾಸಿನ ವೈಟ್ ಸೆಟ್ಲ್‌ಮೆಂಟ್ ಎಂಬ ಊರಿನ ಪ್ರಾರ್ಥನಾಲಯದಲ್ಲಿ ಒಬ್ಬ ದುಷ್ಕರ್ಮಿ ಆರಾಧನೆಯ ನಡುವೆ ಎದ್ದು ಇಬ್ಬರನ್ನು ಕೊಂದಾಗ, ಆ ಸಭೆಯ ರಕ್ಷಣಾ ತಂಡದ ಸ್ವಯಂಸೇವಕನೊಬ್ಬ ಕೆಲವೇ ಸೆಕೆಂಡುಗಳಲ್ಲಿ ಅವನನ್ನು ಹೊಡೆದುರುಳಿಸಿದ. ಅಲ್ಲಿ ಎಷ್ಟೋ ಪ್ರಾಣ ಉಳಿಯಿತೆಂಬುದು ನಿಜ. ಈ ಮಾತನ್ನು ನಾವು ತಳ್ಳಿಹಾಕುವಂತಿಲ್ಲ.

ಧರ್ಮಸಭೆಯೂ ತಳ್ಳಿಹಾಕುವುದಿಲ್ಲ. ಆತ್ಮರಕ್ಷಣೆಯ ಕ್ರಿಯೆಯಿಂದ ಎರಡು ಪರಿಣಾಮ ಹೊಮ್ಮಬಹುದು, ತನ್ನ ಪ್ರಾಣ ಉಳಿಯುವುದು ಒಂದು, ಎದುರಾಳಿಯ ಪ್ರಾಣ ಹೋಗುವುದು ಇನ್ನೊಂದು. ಮೊದಲನೆಯದನ್ನಷ್ಟೇ ಬಯಸಿ, ಬೇಕಾದಷ್ಟೇ ಬಲ ಬಳಸಿದರೆ ಅದು ನ್ಯಾಯಸಮ್ಮತ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದೇ ದಾರಿಯಲ್ಲಿ ನಡೆಯುತ್ತದೆ. ಇತರರ ಪ್ರಾಣದ ಹೊಣೆ ಹೊತ್ತವರಿಗೆ ರಕ್ಷಣೆ ಹಕ್ಕು ಮಾತ್ರವಲ್ಲ, ಗಂಭೀರ ಕರ್ತವ್ಯವೂ ಆಗಬಹುದೆಂದು ಅದು ಹೇಳುತ್ತದೆ. ಆದ್ದರಿಂದ ಆ ತಾಯಿಗೆ, ನಿನ್ನ ಮಗ ಬಂದೂಕು ಕೊಂಡರೆ ಸಾಕು ಪಾಪಿಯಾದ ಎಂದು ನಾನು ಹೇಳಲಾರೆ.

ಆದರೆ ರಕ್ಷಣೆಯ ಹಕ್ಕು ಒಂದು, ಆಯುಧದ ಪ್ರದರ್ಶನ ಇನ್ನೊಂದು. ಅಪಾಯ ಬಂದಾಗ ಪ್ರಾಣ ಕಾಯುವುದು ಒಂದು ಕ್ರಿಯೆ. ಅಪಾಯವಿಲ್ಲದ ಹೊತ್ತಿನಲ್ಲಿ, ಹಾಲು ತರಲು ಹೋದಾಗ, ಮಗುವನ್ನು ಶಾಲೆಗೆ ಬಿಡಲು ಹೋದಾಗ ಸೊಂಟದ ಮೇಲೆ ತೋರಿಸುವ ಬಂದೂಕು ಒಂದು ಮಾತು. ನಾವು ಬಾಯಿ ತೆರೆಯುವ ಮುನ್ನವೇ ಅದು ಎದುರಿಗೆ ಬಂದವನೊಂದಿಗೆ ಮಾತಾಡಿರುತ್ತದೆ. "ನೀನು ನನ್ನ ನೆರೆಯವನೋ, ಕೊಲೆಗಾರನೋ ನನಗೆ ಗೊತ್ತಿಲ್ಲ, ಎರಡಕ್ಕೂ ನಾನು ಸಿದ್ಧ" ಎಂದು ಹೇಳಿರುತ್ತದೆ. ನೆರೆಯವನನ್ನು ನಮ್ಮಂತೆಯೇ ಪ್ರೀತಿಸಬೇಕೆಂಬ ಆಜ್ಞೆ ಹೊತ್ತ ನಾವು ಯೋಚಿಸಬೇಕಾದ್ದು ಈ ಮಾತಿನ ಬಗ್ಗೆ.

ಆ ಮಾತನ್ನು ಕೇಳುವವರು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂಬುದೂ ನಮ್ಮ ಕೈಯಲ್ಲಿಲ್ಲ. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯ ಕರಿಯ ಯುವಕರು ಕ್ಯಾಲಿಫೋರ್ನಿಯಾದಲ್ಲಿ ಬಂದೂಕು ಹಿಡಿದು ಬಹಿರಂಗವಾಗಿ ನಡೆದಾಗ, ಗುಂಡು ತುಂಬಿದ ಬಂದೂಕನ್ನು ಸಾರ್ವಜನಿಕವಾಗಿ ಒಯ್ಯುವುದನ್ನೇ ಅಲ್ಲಿನ ಶಾಸನಸಭೆ ನಿಷೇಧಿಸಿತು. ಅಂದಿನ ರಾಜ್ಯಪಾಲ ರೊನಾಲ್ಡ್ ರೇಗನ್ ಅದಕ್ಕೆ ಸಹಿ ಹಾಕಿದರು. ಒಬ್ಬನ ಸೊಂಟದಲ್ಲಿ ಹಕ್ಕಾಗಿ ಕಂಡದ್ದು ಇನ್ನೊಬ್ಬನ ಕೈಯಲ್ಲಿ ಬೆದರಿಕೆಯಾಗಿ ಕಂಡಿತು. ಪರದೇಶದಲ್ಲಿ ನಮ್ಮ ಮೈಬಣ್ಣದ ಹುಡುಗ ಬಂದೂಕು ಧರಿಸಿ ನಡೆದರೆ ಅಪರಿಚಿತರ ಕಣ್ಣಿಗೆ ಅವನು ಏನಾಗಿ ಕಾಣುತ್ತಾನೆ? 2016ರ ಜುಲೈ 7ರಂದು ಡಲ್ಲಾಸಿನಲ್ಲಿ ಮೆರವಣಿಗೆಯ ವೇಳೆ ಒಬ್ಬ ಹಂತಕ ಐವರು ಪೊಲೀಸರನ್ನು ಕೊಂದ. ಆ ಮೆರವಣಿಗೆಯಲ್ಲಿ ಕೆಲವರು ಕಾನೂನಿನ ಪ್ರಕಾರವೇ ರೈಫಲ್‌ಗಳನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದರು. ಗುಂಡಿನ ಸದ್ದು ಕೇಳಿದಾಗ ಹಂತಕ ಯಾರು, ನಾಗರಿಕ ಯಾರು ಎಂದು ತಿಳಿಯದೆ ಗೊಂದಲವಾಯಿತು. ಹೀಗೆ ಬಂದಿದ್ದ ಒಬ್ಬ ನಿರಪರಾಧಿಯ ಭಾವಚಿತ್ರವನ್ನು ಶಂಕಿತನೆಂದು ಪೊಲೀಸರೇ ಪ್ರಕಟಿಸಿದರು. ಆ ರಾತ್ರಿ ಅವನ ತಾಯಿಯ ಗತಿ ಏನಾಗಿದ್ದಿರಬೇಕು?

ಅಮೆರಿಕದ ಕೆಲವು ಕ್ರೈಸ್ತರು ತಮ್ಮ ಪರವಾಗಿ ಶುಭಸಂದೇಶವನ್ನೇ ಎತ್ತಿ ತೋರಿಸುತ್ತಾರೆ. ಮೇಲುಹೊದಿಕೆಯನ್ನು ಮಾರಿಯಾದರೂ ಕತ್ತಿ ಕೊಳ್ಳಬೇಕೆಂದು ಪ್ರಭುವೇ ಕಡೆಯ ಭೋಜನದಲ್ಲಿ ಹೇಳಲಿಲ್ಲವೇ ಎನ್ನುತ್ತಾರೆ (ಲೂಕ 22:36). ಹೌದು, ಹೇಳಿದರು. ಆದರೆ ಅಲ್ಲಿಗೇ ಪುಸ್ತಕ ಮುಚ್ಚಬಾರದು. ಮರುವಾಕ್ಯದಲ್ಲಿಯೇ, ತಾವು ಅಪರಾಧಿಗಳ ಜೊತೆ ಎಣಿಸಲ್ಪಡುವ ಪ್ರವಾದಿ ಯೆಶಾಯನ ಮಾತು ನೆರವೇರಬೇಕೆಂದು ಅವರು ತಿಳಿಸುತ್ತಾರೆ. ಶಿಷ್ಯರು ಎರಡು ಕತ್ತಿ ತೋರಿಸುತ್ತಾರೆ. ಅಷ್ಟು ಸಾಕೆಂದು ಪ್ರಭು ಮಾತು ಮುಗಿಸುತ್ತಾರೆ. ಹನ್ನೊಂದು ಮಂದಿಗೆ ಎರಡು ಕತ್ತಿ! ಪಂಜು, ದೊಣ್ಣೆ ಹಿಡಿದು ಬರುವ ದೊಡ್ಡ ಗುಂಪಿನೆದುರು ಅದು ಯಾವ ರಕ್ಷಣೆ? ಕತ್ತಿಗಳ ಲೆಕ್ಕ ಅಲ್ಲಿ ಪ್ರಭುವಿನ ಚಿಂತೆಯಾಗಿರಲಿಲ್ಲ. ಆ ಎರಡರಲ್ಲಿ ಒಂದು ಒರೆಯಿಂದ ಹೊರಬಂದ ಕೂಡಲೇ ಅದನ್ನು ಮತ್ತೆ ಒರೆಗೆ ಸೇರಿಸಲು ಆಜ್ಞಾಪಿಸಿದರು. ಮಲ್ಕನ ಕಿವಿಯನ್ನು ಮುಟ್ಟಿ ವಾಸಿಮಾಡಿದರು. ಶಿಲುಬೆಯ ಯಾತನೆಗೆ ಮುನ್ನ ಪ್ರಭು ಗುಣಪಡಿಸಿದ ಕೊನೆಯ ಗಾಯ, ತಮ್ಮ ಶಿಷ್ಯನೇ ಮಾಡಿದ ಗಾಯ. ಇದನ್ನು ಮನಸ್ಸಿನಲ್ಲಿಟ್ಟು ಧ್ಯಾನಿಸಿರಿ.

ಇನ್ನೂ ಒಂದು ಸಂಗತಿ ಇದೆ. ಕತ್ತಿ ಹಿರಿದ ಪೇತ್ರ ಧೈರ್ಯಶಾಲಿಯಾದನೇ? ಕೆಲವೇ ಗಳಿಗೆಗಳ ನಂತರ ಪ್ರಧಾನಯಾಜಕನ ಅಂಗಳದಲ್ಲಿ, ಬಾಗಿಲು ಕಾಯುವ ಒಬ್ಬ ದಾಸಿಯ ಪ್ರಶ್ನೆಗೆ ಅವನು ನಡುಗಿದ. ಮೂರನೆಯ ಬಾರಿ ಅವನನ್ನು ಪ್ರಶ್ನಿಸಿದವನು ಯಾರೆಂದು ಯೊವಾನ್ನರು ಮರೆಯದೆ ಬರೆದಿಟ್ಟಿದ್ದಾರೆ: ಪೇತ್ರ ಯಾರ ಕಿವಿ ಕತ್ತರಿಸಿದ್ದನೋ ಅವನ ಸಂಬಂಧಿಕ (ಯೊವಾನ್ನ 18:26). ಕತ್ತಿ ಅವನ ಭಯವನ್ನು ಕಳೆಯಲಿಲ್ಲ. ಭಯಪಡಲು ಇನ್ನೊಬ್ಬನನ್ನು ಸೃಷ್ಟಿಸಿಕೊಟ್ಟಿತು. ಆಯುಧ ಧೈರ್ಯವನ್ನು ಕೊಡುವುದಿಲ್ಲ ಎಂಬುದಕ್ಕೆ ನಮ್ಮ ಕಾಲದಲ್ಲೂ ನೋವಿನ ಸಾಕ್ಷಿಯಿದೆ. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡೆ ಪಟ್ಟಣದ ಶಾಲೆಯಲ್ಲಿ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಹತರಾದರು. ಅಲ್ಲಿಗೆ ಬಂದ ಶಸ್ತ್ರಧಾರಿ ಅಧಿಕಾರಿಗಳು 376 ಮಂದಿ. ಆದರೂ ತರಗತಿಯೊಳಗೆ ನುಗ್ಗಿ ಹಂತಕನನ್ನು ತಡೆಯಲು ಒಂದು ಗಂಟೆಗೂ ಮಿಕ್ಕಿ ಹಿಡಿಯಿತು. ಬಂದೂಕುಗಳ ಕೊರತೆ ಅಲ್ಲಿರಲಿಲ್ಲ.

ನಮ್ಮ ದೇವಾಲಯಗಳ ಬಾಗಿಲಿಗೂ ಈ ಪ್ರಶ್ನೆ ಬಂದಿದೆ. ಟೆಕ್ಸಾಸಿನಲ್ಲಿ ಬಂದೂಕು ಒಳಗೆ ಬೇಡವೆನ್ನುವ ದೇವಾಲಯ ಅದನ್ನು ಬಾಗಿಲಲ್ಲೇ ತಿಳಿಸಬಹುದು. ಫಲಕ ಹಾಕುವುದಾದರೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಭಾಷೆಗಳಲ್ಲಿ, ಒಂದಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ಇರಬೇಕೆಂದು ಕಾನೂನು ಹೇಳುತ್ತದೆ. 2016ರಲ್ಲಿ ಅಂದಿನ ಡಲ್ಲಾಸ್ ಧರ್ಮಾಧ್ಯಕ್ಷ ಕೆವಿನ್ ಫ್ಯಾರೆಲ್ ಅವರು ಹೊಸ ಕಾನೂನನ್ನು ಟೀಕಿಸಿ, ತಮ್ಮ ಧರ್ಮಕ್ಷೇತ್ರದ ದೇವಾಲಯಗಳೊಳಗೆ ಬಂದೂಕು ಕೂಡದೆಂದು ಸಾರಿದರು. ಬಲಿಪೂಜೆಯಲ್ಲಿ ನಾವು ಒಬ್ಬರಿಗೊಬ್ಬರು ಶಾಂತಿಯನ್ನು ಕೋರುತ್ತೇವೆ. ಸೊಂಟದಲ್ಲಿ ಬಂದೂಕು ತೋರಿಸುತ್ತಾ ಪಕ್ಕದವನಿಗೆ ಕೈಮುಗಿದರೆ ಅವನು ಯಾವುದನ್ನು ನಂಬಬೇಕು, ಮುಗಿದ ಕೈಯನ್ನೋ, ಕಟ್ಟಿದ ಆಯುಧವನ್ನೋ? 2025ರ ಆಗಸ್ಟ್ 27ರಂದು ಮಿನಿಯಾಪೊಲಿಸ್ ನಗರದ ಅನನ್ಸಿಯೇಷನ್ ದೇವಾಲಯದಲ್ಲಿ ಶಾಲಾಮಕ್ಕಳು ಬಲಿಪೂಜೆಯಲ್ಲಿದ್ದಾಗ ಹಂತಕ ಹೊರಗಿನಿಂದ ಕಿಟಕಿಗಳ ಮೂಲಕ ಗುಂಡು ಹಾರಿಸಿದ. 8 ಮತ್ತು 10 ವರ್ಷದ ಇಬ್ಬರು ಮಕ್ಕಳು ಪ್ರಾಣ ಬಿಟ್ಟರು. ಆ ವಾರದ ಭಾನುವಾರ, ಅಮೆರಿಕದಲ್ಲೇ ಹುಟ್ಟಿದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಶಸ್ತ್ರಗಳ ಹರಡುವಿಕೆಯನ್ನು ಲೋಕಕ್ಕೆ ತಗಲಿದ ಸಾಂಕ್ರಾಮಿಕ ರೋಗಕ್ಕೆ ಹೋಲಿಸಿ, ಅದು ನಿಲ್ಲಲೆಂದು ಪ್ರಾರ್ಥಿಸಲು ಕರೆಕೊಟ್ಟರು.

ಹಗಲು ಸೊಂಟದಲ್ಲಿದ್ದ ಬಂದೂಕು ರಾತ್ರಿ ಮನೆಗೆ ಬರುತ್ತದೆ ಎಂಬುದನ್ನೂ ಮರೆಯಬೇಡಿ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು, ಅಂದರೆ 26,328 ಮಂದಿ, ಆತ್ಮಹತ್ಯೆ ಮಾಡಿಕೊಂಡವರು. ಕಳ್ಳನಿಗಾಗಿ ತಂದ ಬಂದೂಕು ಕಳ್ಳ ಬರುವವರೆಗೆ ಕಾಯುವುದಿಲ್ಲ. ಕೆಲಸ ಹೋದ ರಾತ್ರಿ, ದಾಂಪತ್ಯ ಒಡೆದ ರಾತ್ರಿ, ಪರೀಕ್ಷೆಯಲ್ಲಿ ಸೋತ ಮಗನ ರಾತ್ರಿ ಅದು ಕೈಗೆ ಸಿಗುವಷ್ಟು ಹತ್ತಿರದಲ್ಲಿರುತ್ತದೆ. ಪರದೇಶದಲ್ಲಿ ಒಂಟಿತನ ಅನುಭವಿಸುವ ನಮ್ಮ ಮಕ್ಕಳ ವಿಷಯದಲ್ಲಿ ಕಳ್ಳನಿಗಿಂತ ಹೆಚ್ಚಾಗಿ ನನಗೆ ಚಿಂತೆ ಇದೇ.

ನಮ್ಮ ನಾಡಿನಲ್ಲಿ ಬಂದೂಕೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ನಮಗೆ ಪರವಾನಗಿ ಬೇಕು. ಕೊಡವರಿಗೆ ಹಿಂದಿನಿಂದ ವಿನಾಯಿತಿಯಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕೋವಿಗೆ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಯಿದೆ, ಹುಟ್ಟು ಸಾವುಗಳನ್ನು ಊರಿಗೆ ತಿಳಿಸುವ ಸಂಪ್ರದಾಯವಿದೆ. ಮಲೆನಾಡು, ಕರಾವಳಿಗಳಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡ ರೈತರು ಚುನಾವಣೆ ಬಂದಾಗ ಗೊಣಗುತ್ತಲೇ ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಾರೆ. ಆ ಗೊಣಗಾಟದಲ್ಲೂ ಒಂದು ವಿವೇಕವಿದೆ. ನನ್ನ ಅಗತ್ಯ ನಿಜ. ಆದರೆ ಎಲ್ಲರ ಶಾಂತಿಗಾಗಿ ನನ್ನ ಆಯುಧವನ್ನು ಕೆಳಗಿಡಬೇಕಾದ ಹೊತ್ತೂ ಉಂಟು. ಸಾಮೂಹಿಕ ಹಿತ ಎಂದು ಧರ್ಮಸಭೆ ಬೋಧಿಸುವುದು ಇದನ್ನೇ.

ಹಾಗಾದರೆ ಮಗ ಫೋನು ಮಾಡಿದಾಗ ಏನು ಹೇಳುವಿರಿ? ಗದರಿಸಬೇಡಿ. ಯಾವುದಕ್ಕೆ ಹೆದರಿದ್ದೀಯ ಮಗನೇ ಎಂದು ಮೊದಲು ಕೇಳಿ. ಬೆದರಿಕೆ ನಿಜವಾಗಿದ್ದರೆ ಕಾನೂನು ಬಲ್ಲವರ, ಅಲ್ಲಿನ ಗುರುಗಳ ಸಲಹೆ ಪಡೆಯಲಿ. ಭಯ ಒಂಟಿತನದ್ದಾಗಿದ್ದರೆ ಅದಕ್ಕೆ ಮದ್ದು ಪಿಸ್ತೂಲಲ್ಲ. ಧರ್ಮಕೇಂದ್ರದ ಬಳಗ, ನೆರೆಮನೆಯ ಪರಿಚಯ, ವಾರಕ್ಕೊಮ್ಮೆ ತಾಯಿಯ ಧ್ವನಿ. ಬಂದೂಕು ಈಗಾಗಲೇ ಮನೆಯಲ್ಲಿದ್ದರೆ ಗುಂಡು ತೆಗೆದು ಬೀಗ ಹಾಕಿಡಲಿ, ಗುಂಡುಗಳನ್ನು ಬೇರೆಡೆ ಬೀಗದಲ್ಲಿಡಲಿ ಎಂಬುದು ಅಲ್ಲಿನ ಮಕ್ಕಳ ವೈದ್ಯರ ಬುದ್ಧಿಮಾತು. ಮೊಮ್ಮಗು ಬೇರೆ ಮನೆಗೆ ಆಡಲು ಹೋಗುವ ಮುನ್ನ, ನಿಮ್ಮಲ್ಲಿ ಬೀಗವಿಲ್ಲದ ಬಂದೂಕು ಇದೆಯೇ ಎಂದು ಕೇಳಲು ಸಂಕೋಚ ಬೇಡ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕುಳಿತಿದ್ದರೆ ಆ ಬಂದೂಕು ಆ ದಿನವೇ ಮನೆಯಿಂದ ಹೊರಹೋಗಲಿ.

ಪ್ರಿಯರೇ, ಇದೇ ಪೇತ್ರನನ್ನು ಪೆಂತೆಕೋಸ್ತ್ ಹಬ್ಬದ ದಿನ ಮತ್ತೆ ನೋಡಿರಿ. ಅದೇ ಜೆರುಸಲೇಮ್, ಅದೇ ಅಧಿಕಾರಿಗಳು. ದಾಸಿಯ ಮುಂದೆ ನಡುಗಿದವನು ಈಗ ಸಾವಿರಾರು ಜನರ ಮುಂದೆ ನಿಂತು ಪ್ರಭುವನ್ನು ಸಾರುತ್ತಾನೆ. ಕೈಯಲ್ಲಿ ಕತ್ತಿಯಿಲ್ಲ. ಪವಿತ್ರಾತ್ಮರು ತುಂಬಿದ ಹೃದಯವಿದೆ. ನಮ್ಮ ಮಕ್ಕಳಿಗೆ ನಾವು ಬೇಡಬೇಕಾದ ಧೈರ್ಯ ಅದು. ಇಂದು ಸಂಜೆ ಜಪಸರ ಹಿಡಿದಾಗ ದೂರದೇಶದಲ್ಲಿರುವ ನಿಮ್ಮ ಮಗನ, ಮಗಳ ಹೆಸರು ಹೇಳಿ ಒಂದು ದಶಕವನ್ನು ಒಪ್ಪಿಸಿರಿ. ಗುಂಡಿಗೆ ಮಕ್ಕಳನ್ನು ಕಳೆದುಕೊಂಡ ಆ ತಾಯಂದಿರಿಗಾಗಿಯೂ ಒಂದು ದಶಕ ಇರಲಿ. ಮಗನ ಮೃತದೇಹವನ್ನು ಮಡಿಲಲ್ಲಿ ಹೊತ್ತ ಮಾತೆ ಮರಿಯಮ್ಮನವರಿಗೆ ಆ ದುಃಖ ಗೊತ್ತು. ಶಾಂತಿಯ ಪ್ರಭು ನಿಮ್ಮ ಮನೆಯ ಬಾಗಿಲನ್ನು ಕಾಯಲಿ.