ಹೇಳದೆ ಬದಲಿಸಿದ ಬೀಗ

ನಮ್ಮ ಮನೆಯ ಕಾರು 1999ರ ಮಾರುತಿ 800. ಹಿರಿಯೂರು ತಾಲ್ಲೂಕಿನ ನಮ್ಮೂರಿನಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಅದಕ್ಕೆ ಎರಡು ಕೀ. ಒಂದು ನಮ್ಮ ಪಡಸಾಲೆಯ ಮೊಳೆಯಲ್ಲಿ, ಇನ್ನೊಂದು ಚಿಕ್ಕಪ್ಪನ ಉಡಿದಾರದಲ್ಲಿ. ಅಜ್ಜಿಗೆ ರಾತ್ರಿ ಹೊತ್ತು ಉಸಿರು ಕಟ್ಟಿದಾಗ ದುರ್ಗದ ಆಸ್ಪತ್ರೆಗೆ ಓಡಿಸಿದ್ದು ಆ ಎರಡನೆಯ ಕೀ.

ಎರಡು ವರ್ಷದ ಹಿಂದೆ ಮನೆ ಪಾಲಾಯಿತು. ತೋಟ, ಬೋರು, ಹಸು, ಹಂಡೆ ಎಲ್ಲವೂ ಹಿರಿಯರ ಮುಂದೆ ಪಟ್ಟಿಯಾದವು. ಕಾರು ನಮ್ಮ ಪಾಲಿಗೆ ಬಂತು. ಎರಡನೆಯ ಕೀ ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. ಕೊಡಲು ಚಿಕ್ಕಪ್ಪನಿಗೆ ನೆನಪಾಗಲಿಲ್ಲ, ಅಥವಾ ನೆನಪಾದರೂ ಕೊಡಲಿಲ್ಲ.

ಹೋದ ವರ್ಷ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದ ಜಮೀನಿನ ಒಂದು ಕಾಗದ ಕಾಣೆಯಾಯಿತು. ಅಮ್ಮ ಯಾರ ಹೆಸರನ್ನೂ ಎತ್ತಲಿಲ್ಲ. "ಕಾರಿನ ಬೀಗ ಬದ್ಲಾಯಿಸ್ಕೊಂಡು ಬಾ" ಅಂದಳು, ಅಷ್ಟೆ. ಆ ಒಂದು ವಾಕ್ಯದಲ್ಲಿ ಹೆಸರು ಇತ್ತು. ರಜೆಗೆ ಬಂದಿದ್ದ ನಾನು ಮರುಮಾತಾಡದೆ ಕಾರನ್ನು ಚಿತ್ರದುರ್ಗಕ್ಕೆ ಓಡಿಸಿಕೊಂಡು ಹೋದೆ.

ಕೀ ಮಾಡುವವರ ಅಂಗಡಿ ಎಂದರೆ ಒಂದು ಮರದ ಪೆಟ್ಟಿಗೆ, ಒಂದು ವೈಸು, ಹತ್ತಾರು ಅರ, ತಂತಿಗೆ ಪೋಣಿಸಿದ ಹಲ್ಲಿಲ್ಲದ ಕೀಗಳು. ಅಂಗಡಿಯವರಿಗೆ ಅರವತ್ತು ದಾಟಿರಬಹುದು. ಬಾಗಿಲಿನ ಗ್ಲಾಸ್ ಹ್ಯಾಂಡಲ್ ಕಳಚಿ, ಒಳಗಿನ ಪ್ಯಾಡ್ ಬಿಚ್ಚಿ, ಕೈ ತೂರಿಸಿ ಒಂದು ಕ್ಲಿಪ್ಪು ಎಳೆದರು. ಬೆರಳಿನಷ್ಟು ಉದ್ದದ ಸಿಲಿಂಡರು ಕೈಗೆ ಬಂತು. ಇಷ್ಟು ವರ್ಷ ನಮ್ಮನ್ನೆಲ್ಲ ಒಳಗೆ ಬಿಟ್ಟುಕೊಂಡಿದ್ದ ವಸ್ತು ಇಷ್ಟೇನಾ ಅನ್ನಿಸಿತು.

ಸಿಲಿಂಡರಿನ ಒಳಗೆ ತಿರುಗುವ ಒಂದು ತಿರುಳು. ಅದರ ಸೀಳುಗಳಲ್ಲಿ ಸಾಲಾಗಿ ತೆಳುವಾದ ಹಿತ್ತಾಳೆಯ ಪ್ಲೇಟುಗಳು. ಪ್ರತಿ ಪ್ಲೇಟಿನ ನಡುವೆ ಒಂದು ಚೌಕದ ತೂತು, ಪಕ್ಕದಲ್ಲಿ ಕೂದಲೆಳೆಯಂಥ ಸ್ಪ್ರಿಂಗು. ನೋಡುವುದಕ್ಕೆ ಎಲ್ಲ ಪ್ಲೇಟೂ ಒಂದೇ, ಆದರೆ ತೂತಿನ ಎತ್ತರ ಒಂದೊಂದರಲ್ಲಿ ಒಂದೊಂದು. ಕೀ ಇಲ್ಲದಾಗ ಸ್ಪ್ರಿಂಗುಗಳು ಪ್ಲೇಟುಗಳನ್ನು ಹೊರಕ್ಕೆ ತಳ್ಳುತ್ತವೆ. ಅವು ಹೊರಗಿನ ಕವಚದ ಗಾಡಿಗೆ ಸಿಕ್ಕಿಕೊಳ್ಳುವುದರಿಂದ ತಿರುಳು ತಿರುಗುವುದಿಲ್ಲ. ಸರಿಯಾದ ಕೀ ತೂರಿದರೆ ಅದರ ಹಲ್ಲುಗಳು ಎಲ್ಲ ಪ್ಲೇಟುಗಳನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಒಂದೇ ಒಂದು ಪ್ಲೇಟು ಕೂದಲಿನಷ್ಟು ಮುಂದೆ ಚಾಚಿದ್ದರೂ ಬಾಗಿಲು ತೆರೆಯದು. ಎಂಟು ಪ್ಲೇಟು, ನಾಲ್ಕು ಎತ್ತರ ಎಂದಿಟ್ಟುಕೊಂಡರೆ ಕಾಗದದ ಮೇಲೆ 65,536 ಬೇರೆ ಬೇರೆ ಬೀಗಗಳಾಗುತ್ತವೆ. ಆಚರಣೆಯಲ್ಲಿ ಅಷ್ಟಿರುವುದಿಲ್ಲ. ಪ್ಲೇಟು ಸವೆದ ಹಳೆಯ ಕಾರನ್ನು ಯಾರದೋ ಕೀ ತೆರೆದುಬಿಡುವುದೂ ಉಂಟು.

ಹೊಸ ಬೀಗ ಹಾಕಬೇಕಾಗುತ್ತದೆ ಎಂದುಕೊಂಡಿದ್ದೆ. ಅವರು ನಕ್ಕರು. "ಬೀಗ ಯಾಕ್ ಬದ್ಲಾಯಿಸ್ತೀರ ಸಾರ್? ಒಳಗಿರೋ ಪ್ಲೇಟೇ ಆಕಡೆದು ಈಕಡೆ ಹಾಕಿದ್ರೆ ಆಯ್ತು. ಹಳೇ ಕೀಗೆ ಗುರ್ತು ಸಿಗಲ್ಲ." ಪ್ಲೇಟುಗಳನ್ನು ಒಂದೊಂದಾಗಿ ತೆಗೆದು ಪೇಪರಿನ ಮೇಲೆ ಸಾಲಾಗಿಟ್ಟರು. ಸ್ಪ್ರಿಂಗು ಹಾರಿಹೋಗದಂತೆ ಉಸಿರು ಬಿಗಿಹಿಡಿದು ಕೂತಿದ್ದರು. ಎರಡು ಪ್ಲೇಟು ಬೇರೆ ಹಾಕಿ, ಉಳಿದವುಗಳ ಜಾಗ ಬದಲಿಸಿ, ಹೊಸ ಕೀಗೆ ಅದೇ ಲೆಕ್ಕದ ಹಲ್ಲು ಕೊರೆದರು. ಎರಡು ಬಾಗಿಲು, ಡಿಕ್ಕಿ ಮೂರೂ ಆದವು. ಇಗ್ನಿಶನ್ ಮಾತ್ರ ಉಳಿಯಿತು. ಅದನ್ನು ಬಿಚ್ಚುವುದು ಹೆಚ್ಚು ಕೆಲಸ, ಹೆಚ್ಚು ದುಡ್ಡು. "ಒಳಗೇ ಬರೋಕಾಗ್ದೆ ಇದ್ಮೇಲೆ ಸ್ಟಾರ್ಟ್ ಹೆಂಗ್ ಮಾಡ್ತಾರೆ ಬಿಡಿ" ಅಂದರು. ಅಂದಿನಿಂದ ನಮ್ಮ ಕಾರಿಗೆ ಎರಡು ಬಗೆಯ ಕೀ. ಬಾಗಿಲಿಗೆ ಹೊಸದು, ಇಂಜಿನ್ನಿಗೆ ಹಳೆಯದು.

ಇದಾದ ಮೂರನೆಯ ವಾರ ಚಿಕ್ಕಪ್ಪ ಬಂದರು. ಅವರ ಟ್ರ್ಯಾಕ್ಟರಿಗೆ ಜಾಕಿ ಬೇಕಿತ್ತು. ನಮ್ಮ ಕಾರಿನ ಡಿಕ್ಕಿಯಲ್ಲಿ ಜಾಕಿ ಇರುವುದು ಅವರಿಗೆ ಗೊತ್ತು. ಪಾಲಾದ ಮೇಲೂ ಇಂಥ ಕೊಡುಕೊಳ್ಳುವಿಕೆ ನಿಂತಿರಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಉಡಿದಾರದಿಂದ ಕೀ ಬಿಚ್ಚಿ ಡಿಕ್ಕಿಗೆ ತೂರಿಸಿದರು. ತಿರುಗಲಿಲ್ಲ. ತೆಗೆದು ಅಂಗಿಗೆ ಒರೆಸಿ ಮತ್ತೆ ತೂರಿಸಿದರು. ಆಮೇಲೆ ಬಾಗಿಲಿಗೆ ಬಂದರು. ಅಲ್ಲಿಯೂ ತಿರುಗಲಿಲ್ಲ. ಒಂದು ನಿಮಿಷ ಕೀಯನ್ನೇ ನೋಡುತ್ತ ನಿಂತರು. ಜಗುಲಿಗೆ ಬಂದು ಅದನ್ನು ಕಂಬದ ಮೊಳೆಗೆ ನೇತುಹಾಕಿ, ಯಾರನ್ನೂ ಕರೆಯದೆ ಹೊರಟುಹೋದರು. ಹೊರಗೆ ಹೋಗಿ "ಬನ್ನಿ ಚಿಕ್ಕಪ್ಪ" ಎಂದು ಕರೆಯಬೇಕಿತ್ತು. ನಾನು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಕೀಗೆ ನಾವು ಬೀಗದ ಕೈ ಎನ್ನುತ್ತೇವೆ. ಆ ಮಾತಿನಲ್ಲಿ ಕೈ ಇದೆ ಎಂಬುದು ನನಗೆ ಅವತ್ತಿನವರೆಗೆ ಕೇಳಿಸಿರಲಿಲ್ಲ.

ನಾವು ಮಾಡಿದ್ದು ತಪ್ಪೇ? ಕಾರು ನಮ್ಮದು, ಕಾಗದ ನಮ್ಮದು, ಭಯವೂ ನಮ್ಮದು. ನಮ್ಮ ವಸ್ತುವಿಗೆ ನಮಗೆ ಬೇಕಾದ ಬೀಗ ಹಾಕಿಕೊಳ್ಳುವ ಹಕ್ಕು ನಮಗಿದೆ. ಇದನ್ನು ನಾನು ಈಗಲೂ ಒಪ್ಪುತ್ತೇನೆ. ಆದರೂ ಆ ಒಂದು ನಿಮಿಷ ನನ್ನನ್ನು ಬಿಡಲಿಲ್ಲ.

ತತ್ವಶಾಸ್ತ್ರಜ್ಞೆ ಆನೆಟ್ ಬೇಯರ್ 1986ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ನಂಬುವುದನ್ನೂ ನೆಚ್ಚಿಕೊಳ್ಳುವುದನ್ನೂ ಬೇರೆ ಮಾಡಿ ತೋರಿಸುತ್ತಾರೆ. ಯಂತ್ರವನ್ನು ನೆಚ್ಚಿಕೊಂಡಿರುತ್ತೇವೆ, ಅದು ಕೈಕೊಟ್ಟರೆ ನಿರಾಸೆಯಾಗುತ್ತದೆ. ಮನುಷ್ಯರನ್ನು ನಂಬಿರುತ್ತೇವೆ, ಅವರು ಕೈಕೊಟ್ಟರೆ ಅದು ದ್ರೋಹ. ಯಾರನ್ನಾದರೂ ನಂಬುವುದೆಂದರೆ ನಮಗೆ ಕೆಡುಕು ಮಾಡುವ ಅವಕಾಶವನ್ನೂ ಅವರ ಕೈಗೆ ಕೊಟ್ಟು, ಅವರು ಅದನ್ನು ಬಳಸಲಾರರು ಎಂದು ಇರುವುದು. ಚಿಕ್ಕಪ್ಪನ ಉಡಿದಾರದಲ್ಲಿದ್ದದ್ದು ಆ ಅವಕಾಶ. ಬೀಗ ಬದಲಿಸಿದಾಗ ನಾವು ಮನುಷ್ಯನನ್ನು ನಂಬುವುದರಿಂದ ಹಿತ್ತಾಳೆಯನ್ನು ನೆಚ್ಚಿಕೊಳ್ಳುವುದಕ್ಕೆ ಸರಿದೆವು.

ಹಿತ್ತಾಳೆಗೆ ಗೊತ್ತಿರುವುದು ಆಕಾರ ಮಾತ್ರ. ಅಜ್ಜಿಯನ್ನು ಎತ್ತಿಕೊಂಡು ಬಂದ ಕೈ ಯಾವುದು, ಕಾಗದ ಎತ್ತಿಕೊಂಡು ಹೋದ ಕೈ ಯಾವುದು ಎಂದು ಅದು ಕೇಳುವುದಿಲ್ಲ. ದುರ್ಗದವರಾದ ನಮಗೆ ಇದು ಹೊಸ ಪಾಠವಲ್ಲ. ಏಳು ಸುತ್ತಿನ ಕೋಟೆಯಷ್ಟು ದೊಡ್ಡ ಬೀಗ ನಮ್ಮಲ್ಲಿ ಇನ್ನೊಂದಿಲ್ಲ. ಅಂಥ ಕೋಟೆಯಲ್ಲೂ ಒಂದು ಕಿಂಡಿ. ಜನ ಹೇಳುವ ಕಥೆಯಲ್ಲಿ ಮೊಸರು ಮಾರುವವಳು ಅದರಲ್ಲಿ ನುಸುಳಿ ಬರುತ್ತಿದ್ದಳು. ಅದನ್ನು ಕಂಡ ಹೈದರಾಲಿಯ ಸೈನಿಕರೂ ಅಲ್ಲೇ ನುಸುಳಿದರು. ಕಿಂಡಿ ಇಬ್ಬರಿಗೂ ಒಂದೇ ರೀತಿ ದಾರಿ ಬಿಟ್ಟಿತು. ವ್ಯತ್ಯಾಸ ತಿಳಿದದ್ದು ಓಬವ್ವನಿಗೆ. ಕಾವಲಿನ ಕೆಲಸ ಅವಳ ಗಂಡನದು. ಅವನು ಊಟಕ್ಕೆ ಕೂತಿದ್ದಾಗ ನೀರಿಗೆಂದು ಹೋದ ಅವಳು ಸದ್ದು ಕೇಳಿ ಒನಕೆ ಎತ್ತಿಕೊಂಡಳು. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು, ಆದರೂ ಆ ಜಾಗವನ್ನು ಇಂದಿಗೂ ಓಬವ್ವನ ಕಿಂಡಿ ಎಂದೇ ಕರೆಯುತ್ತೇವೆ. ಕಿಂಡಿಯನ್ನು ಮೊದಲೇ ಕಲ್ಲಿಟ್ಟು ಮುಚ್ಚಿದ್ದರೆ ಸೈನಿಕರು ಬರುತ್ತಿರಲಿಲ್ಲ, ನಿಜ. ಮೊಸರೂ ಬರುತ್ತಿರಲಿಲ್ಲ. ಬರುವವರು ಯಾರು ಎಂದು ನೋಡುವ ಕಣ್ಣು ಇರುವ ತನಕ ಕಿಂಡಿ ಇಟ್ಟುಕೊಂಡು ಬದುಕಬಹುದು.

ನಮ್ಮ ಮನೆಯಲ್ಲಿ ಆ ಕಣ್ಣಿನ ಕೆಲಸವನ್ನು ಯಾರೂ ಮಾಡಲಿಲ್ಲ. ಅಪ್ಪ ಕೇಳಲಿಲ್ಲ, ಅಮ್ಮ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಸಿಲಿಂಡರಿನೊಳಗೆ ಇಟ್ಟು ಮುಚ್ಚಿದೆವು.

ಇದಕ್ಕೆ ಒಂದು ಎದುರು ಮಾತಿದೆ. ಅನುಮಾನ ಇರುವವರಿಗೆ ಮೊದಲೇ ಹೇಳಿದರೆ ಬೀಗ ಬದಲಿಸಿ ಪ್ರಯೋಜನವೇನು? ಗುಟ್ಟೇ ತಾನೆ ಬೀಗದ ಬಲ? ಈ ವಾದ ಹಳೆಯದು. ಲಂಡನ್ನಿನ ಬ್ರಾಮಾ ಕಂಪನಿಯವರು 1790ರಿಂದ ತಮ್ಮ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಕೀ ಇಲ್ಲದೆ ತೆರೆದವರಿಗೆ 200 ಗಿನಿ ಬಹುಮಾನ ಎಂದು ಸಾರಿದ್ದರು. 1851ರ ಮಹಾ ಪ್ರದರ್ಶನಕ್ಕೆ ಬಂದ ಅಮೆರಿಕದ ಎ.ಸಿ. ಹಾಬ್ಸ್ ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಅದನ್ನು ತೆರೆದ. ಇಂಥ ದೌರ್ಬಲ್ಯವನ್ನು ಬಹಿರಂಗ ಮಾಡಬಾರದಿತ್ತು ಎಂದು ದೊಡ್ಡ ಚರ್ಚೆಯಾಯಿತು. ಹಾಬ್ಸ್ ಕಡೆಯವರ ಉತ್ತರ ಸರಳವಾಗಿತ್ತು: ಕಳ್ಳರಿಗೆ ಇದೆಲ್ಲ ಆಗಲೇ ಗೊತ್ತು, ಮುಚ್ಚಿಟ್ಟರೆ ತಿಳಿಯದೆ ಉಳಿಯುವವರು ಸಂಭಾವಿತರು ಮಾತ್ರ.

ನಮ್ಮ ಕಾರಿಗೂ ಈ ಮಾತು ಸಲ್ಲುತ್ತದೆ. ಹೊಸ ಬೀಗಕ್ಕೆ ಬಲ ಬಂದದ್ದು ಹೊಸ ಜೋಡಣೆಯಿಂದ. ಚಿಕ್ಕಪ್ಪನಿಗೆ ಹೇಳಿದ್ದರೆ ಆ ಬಲ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ಕಾಗದ ಹೋಗಿಯಾಗಿತ್ತು. ಬೀಗ ಬದಲಾದ ಸುದ್ದಿ ಇವತ್ತಲ್ಲ ನಾಳೆ ಅವರಿಗೆ ತಿಳಿಯಲೇಬೇಕಿತ್ತು. ಬಾಯಿಂದ ತಿಳಿಯಬೇಕೋ, ಬೀಗದಿಂದ ತಿಳಿಯಬೇಕೋ ಎಂಬುದಷ್ಟೇ ನಮ್ಮ ಕೈಯಲ್ಲಿತ್ತು. ಮುಖ ಕೊಟ್ಟು ಹೇಳುವ ಕಷ್ಟವನ್ನು ನಾವು ಬೀಗದ ಮೇಲೆ ಹಾಕಿದೆವು.

ಇದು ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡ ಹೆಂಗಸು ಬೀಗ ಬದಲಿಸುವ ಮುಂಚೆ ಅವನಿಗೆ ತಿಳಿಸಬೇಕು ಎಂದು ಯಾರೂ ಹೇಳಲಾರರು. ಓಬವ್ವ ಒನಕೆ ಎತ್ತುವ ಮುಂಚೆ ಸೈನಿಕನಿಗೆ ಹೇಳಿ ಎತ್ತಲಿಲ್ಲ. ಹೇಳುವುದರಿಂದ ಜೀವಕ್ಕೆ ಅಪಾಯವಿದ್ದರೆ ಮೌನವೇ ಸರಿ. ನಮಗೆ ಅಪಾಯ ಇರಲಿಲ್ಲ. ಇದ್ದದ್ದು ಮುಜುಗರ. ಮುಜುಗರವನ್ನು ಅಪಾಯ ಎಂದು ಹೆಸರಿಸಿ ಎಷ್ಟು ಬಾಗಿಲು ಮುಚ್ಚುತ್ತೇವೆ ಎಂದು ಲೆಕ್ಕ ಹಾಕಿದರೆ ನನಗೇ ನಾಚಿಕೆಯಾಗುತ್ತದೆ. ಫೋನಿನ ಪಾಸ್‌ವರ್ಡ್ ಸದ್ದಿಲ್ಲದೆ ಬದಲಿಸುತ್ತೇವೆ, ಗ್ರೂಪಿನಿಂದ ಹೆಸರು ತೆಗೆಯುತ್ತೇವೆ, ಕರೆ ಎತ್ತುವುದು ನಿಲ್ಲಿಸುತ್ತೇವೆ. ಆಚೆ ಕಡೆಯವರು ಕೀ ಒರೆಸಿ ಒರೆಸಿ ತೂರಿಸುತ್ತಿರುತ್ತಾರೆ, ತಪ್ಪು ತಮ್ಮ ಕೀಯದೇ ಇರಬೇಕು ಎಂದುಕೊಂಡು.

ನಾವು ಕೊಟ್ಟ ಕೀಯನ್ನು ವಾಪಸ್ ಕೇಳುವ ಹಕ್ಕು ನಮಗಿದೆ. ಆದರೆ ಕೊಟ್ಟಾಗ ಮುಖ ನೋಡಿ ಕೊಟ್ಟಿದ್ದರೆ, ಕಿತ್ತುಕೊಳ್ಳುವಾಗಲೂ ಮುಖ ನೋಡಬೇಕು. ಬದಲಿಸಿದ್ದು ತಪ್ಪಲ್ಲ, ಅವರನ್ನು ಡಿಕ್ಕಿಯ ಮುಂದೆ ಆ ಒಂದು ನಿಮಿಷ ನಿಲ್ಲಿಸಿದ್ದು ತಪ್ಪು. ನನಗೆ ತೋಚಿದ ಉತ್ತರ ಇಷ್ಟೇ.

ತಿಂಗಳ ನಂತರ ಮೊಳೆಯಲ್ಲಿದ್ದ ಆ ಕೀ ಹಿಡಿದುಕೊಂಡು ಚಿಕ್ಕಪ್ಪನ ಮನೆಗೆ ಹೋದೆ. ಅವರು ಅಡಿಕೆ ಸುಲಿಯುತ್ತಿದ್ದರು. ಕಾಗದ ಕಾಣೆಯಾದದ್ದು, ಅನುಮಾನ ಬಂದದ್ದು, ನಾನೇ ದುರ್ಗಕ್ಕೆ ಹೋಗಿ ಬೀಗ ಬದಲಿಸಿದ್ದು ಎಲ್ಲವನ್ನೂ ಹೇಳಿದೆ. ಅವರು ಕತ್ತಿಯಿಂದ ಕಣ್ಣು ತೆಗೆಯಲಿಲ್ಲ.

"ಕೇಳಿದ್ರೆ ನಾನೇ ತಂದು ಕೊಡ್ತಿದ್ನಲ್ಲಪ್ಪ" ಅಂದರು.

ಕಾಗದ ತೆಗೆದುಕೊಂಡಿದ್ದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಅದು ಇವತ್ತಿಗೂ ಸಿಕ್ಕಿಲ್ಲ. ಚಿಕ್ಕಮ್ಮ ಕಾಫಿ ತಂದರು. ಹಳೆಯ ಕೀಯನ್ನು ಅವರ ಮುಂದೆ ಇಟ್ಟು, "ಇಂಜಿನ್ನಿಗೆ ಇದು ಈಗಲೂ ಆಗುತ್ತೆ ಚಿಕ್ಕಪ್ಪ, ಬಾಗಿಲಿಗೆ ಮಾತ್ರ ಆಗಲ್ಲ" ಅಂದೆ. ರಾತ್ರಿ ಹೊತ್ತು ಯಾರಿಗಾದರೂ ಉಸಿರು ಕಟ್ಟಿದರೆ ನಮ್ಮ ಬಾಗಿಲು ಬಡಿಯಿರಿ, ನಾನೋ ಅಪ್ಪನೋ ತೆಗೆಯುತ್ತೇವೆ ಎಂದು ಹೇಳಬೇಕೆಂದಿದ್ದೆ. ಅಷ್ಟು ಉದ್ದದ ಮಾತು ಬಾಯಿಗೆ ಬರಲಿಲ್ಲ.

ಅವರು ಸುಲಿದ ಅಡಿಕೆಯನ್ನು ಪಕ್ಕಕ್ಕೆ ಸರಿಸಿ, ಕೀ ಎತ್ತಿಕೊಂಡು, ಅಂಗಿಗೆ ಒರೆಸಿ ಉಡಿದಾರಕ್ಕೆ ಕಟ್ಟಿಕೊಂಡರು.