ರಕ್ಷಣೆ, ಮೋಚನೆ, ಉದ್ಧಾರ: ಒಂದು ಪದವಿಚಾರ

ನಗರಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ನಾಲಿಗೆಯಲ್ಲಿ ‘ಸೇವ್’ ಎಂಬ ಇಂಗ್ಲಿಷ್ ಪದವು ದಿನಕ್ಕೆ ಹತ್ತಾರು ಬಾರಿ ಬಂದುಹೋಗುತ್ತದೆ. ಹಣ ಕೂಡಿಡುವುದೂ ಸೇವ್, ಕಂಪ್ಯೂಟರಿನಲ್ಲಿ ಬರೆದುದನ್ನು ಉಳಿಸುವುದೂ ಸೇವ್, ಗೋಲಿನತ್ತ ನುಗ್ಗಿದ ಚೆಂಡನ್ನು ತಡೆಯುವುದೂ ಸೇವ್, ಮುಳುಗುತ್ತಿರುವವನನ್ನು ದಡಕ್ಕೆ ತರುವುದೂ ಸೇವ್. ಒಂದೇ ಪದದ ಮೇಲೆ ಇಷ್ಟೊಂದು ಭಾರ!

ನಮ್ಮ ನುಡಿಯಲ್ಲಾದರೋ ಕಾಯು, ಕಾಪಾಡು, ಪೊರೆ, ಸಲಹು, ಉಳಿಸು, ಬಿಡಿಸು, ಪಾರುಮಾಡು ಎಂಬ ಮಾತುಗಳಿವೆ. ಸಂಸ್ಕೃತದಿಂದ ಬಂದ ರಕ್ಷಣೆ, ಪಾಲನೆ, ತ್ರಾಣ, ಮೋಚನೆ, ತಾರಣ, ಉದ್ಧಾರಗಳೂ ಇವೆ. ಇವನ್ನು ಪರ್ಯಾಯಪದಗಳೆಂದು ಸ್ಥೂಲವಾಗಿ ಹೇಳಬಹುದಾದರೂ ಒಂದೊಂದರ ಕಾರ್ಯವೂ ಬೇರೆ. ಇದ್ದುದನ್ನು ಕೆಡದಂತೆ ಕಾಯುವುದು ರಕ್ಷಣೆ. ಕಟ್ಟನ್ನು ಬಿಚ್ಚುವುದು ಮೋಚನೆ. ಆಚೆಯ ದಡಕ್ಕೆ ದಾಟಿಸುವುದು ತಾರಣ. ಬಿದ್ದವನನ್ನು ಮೇಲೆತ್ತುವುದು ಉದ್ಧಾರ.

ಶ್ರೀಮದ್ಭಾಗವತದ ಎಂಟನೆಯ ಸ್ಕಂಧದಲ್ಲಿ ಬರುವ ಗಜೇಂದ್ರನ ಪ್ರಸಂಗವನ್ನು ನೋಡೋಣ. ಗಜೇಂದ್ರನ ಮೊರೆಗೆ ಓಗೊಟ್ಟು ಬಂದ ಶ್ರೀಹರಿಯು ಮೊದಲು ಮೊಸಳೆಯ ಸಮೇತ ಅವನನ್ನು ಸರೋವರದಿಂದ ಮೇಲೆತ್ತಿದನು. ಆಮೇಲೆ ಚಕ್ರದಿಂದ ಮೊಸಳೆಯ ಬಾಯನ್ನು ಸೀಳಿ ಬಿಡಿಸಿದನು. ಮೊದಲನೆಯದು ಉದ್ಧಾರ, ಎರಡನೆಯದು ಮೋಚನೆ. ಕಚ್ಚಿದ ಮೊಸಳೆಯೂ ಕೆಳಗೆ ಉಳಿಯಲಿಲ್ಲ. ದೇವಲರ ಶಾಪಕ್ಕೆ ಗುರಿಯಾಗಿದ್ದ ಹೂಹೂ ಎಂಬ ಆ ಗಂಧರ್ವನಿಗೂ ಅಂದೇ ಬಿಡುಗಡೆಯಾಯಿತು. ನೊಂದವನಿಗೂ ನೋಯಿಸಿದವನಿಗೂ ಏಕಕಾಲದಲ್ಲಿ ದಾರಿ ತೋರಬಲ್ಲವನು ಭಗವಂತನೊಬ್ಬನೇ.

ಪರೀಕ್ಷಿತ ಮಹಾರಾಜನ ವೃತ್ತಾಂತವು ಇನ್ನೊಂದು ಭೇದವನ್ನು ತಿಳಿಸುತ್ತದೆ. ಉತ್ತರೆಯ ಗರ್ಭದಲ್ಲಿದ್ದ ಆ ಶಿಶುವನ್ನು ಅಶ್ವತ್ಥಾಮನ ಅಸ್ತ್ರದಿಂದ ಶ್ರೀಕೃಷ್ಣನೇ ಕಾಪಾಡಿದನು. ಆದರೆ ಮುಂದೆ ಶೃಂಗಿಯ ಶಾಪದಿಂದ ತಕ್ಷಕನು ಕಚ್ಚುವ ಹೊತ್ತು ಬಂದಾಗ ಆ ದೇಹವು ಉಳಿಯಲಿಲ್ಲ. ಹಾಗಾದರೆ ದೇವರು ಎರಡನೆಯ ಸಲ ಕೈಬಿಟ್ಟನೆ? ಇಲ್ಲ. ಶುಕಮುನಿಗಳ ಮುಖದಿಂದ ಏಳು ದಿನಗಳ ಭಾಗವತಶ್ರವಣವನ್ನು ಕರುಣಿಸಿದನು. ಮೊದಲನೆಯದು ದೇಹದ ರಕ್ಷಣೆ, ಎರಡನೆಯದು ಜೀವದ ಉದ್ಧಾರ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದಾಗ ನಾವು ಬೇಡುವುದು ಮೊದಲನೆಯದನ್ನು. ಬೇಡುವುದು ತಪ್ಪಲ್ಲ; ಆದರೆ ಅದು ದೊರೆಯದಿದ್ದಾಗ ದೇವರು ಕಾಯಲಿಲ್ಲವೆಂದು ತೀರ್ಮಾನಿಸುವುದು ಅವಸರ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾಯುವವನು ಹರಿಯೊಬ್ಬನೇ ಆದರೆ, ಕಷ್ಟದಲ್ಲಿರುವವನಿಗೆ ಅವನ ಪ್ರಾರಬ್ಧವೇ ಕಾರಣವಾದರೆ, ಮನುಷ್ಯನು ಕೈನೀಡುವುದೇಕೆ? ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ತನ್ನನ್ನು ತಾನೇ ಉದ್ಧರಿಸಿಕೊಳ್ಳಬೇಕೆನ್ನುತ್ತಾನೆ. ಹನ್ನೆರಡನೆಯದರಲ್ಲಿ ಭಕ್ತರನ್ನು ಸಂಸಾರಸಾಗರದಿಂದ ಮೇಲೆತ್ತುವವನು ತಾನೆನ್ನುತ್ತಾನೆ. ಈ ಎರಡು ಮಾತುಗಳು ಹೇಗೆ ಕೂಡುತ್ತವೆ?

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನಿಗೆ ಕರ್ತೃತ್ವವುಂಟೆಂದು ಮೊದಲು ಸಿದ್ಧಪಡಿಸಲಾಗಿದೆ; ಇಲ್ಲವಾದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವೇ ಇರದು. ಬಳಿಕ ಆ ಕರ್ತೃತ್ವವು ಪರಮಾತ್ಮನ ಅಧೀನವೆಂದು ನಿರ್ಣಯಿಸಲಾಗಿದೆ. ಜೀವನು ಮಾಡುವುದು ನಿಜ, ಮಾಡಿಸುವವನು ಹರಿ ಎಂಬುದೂ ನಿಜ. ‘ನಾನೇ ಉಳಿಸಿದೆ’ ಎಂಬುದು ಒಂದು ತಪ್ಪು. ‘ಅವನ ಕರ್ಮ, ನನಗೇನು’ ಎಂಬುದು ಇನ್ನೊಂದು ತಪ್ಪು. ಎದುರಿಗಿರುವವನ ಪ್ರಾರಬ್ಧವು ಇಷ್ಟೇ ಎಂದು ಅಳೆದವರಾರು? ಆ ಕ್ಷಣಕ್ಕೆ ನಾವು ಅಲ್ಲಿರುವುದೂ ಆ ಪ್ರಾರಬ್ಧದ ಭಾಗವೇ ಆಗಿರಬಾರದೇಕೆ? ಅವನ ಕರ್ಮದ ಲೆಕ್ಕವು ನಮಗೆ ತಿಳಿಯದು; ನಮ್ಮ ಕರ್ತವ್ಯವು ತಿಳಿಯುತ್ತದೆ.

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ರೈಲುಗಳು ನಿಂತವು. ಗುರುತುಪರಿಚಯವಿಲ್ಲದವರಿಗೆ ಎಷ್ಟೋ ಮನೆಗಳ ಬಾಗಿಲು ತೆರೆಯಿತು. 2015ರ ಡಿಸೆಂಬರಿನ ಪ್ರವಾಹದಲ್ಲಿ ಚೆನ್ನೈಯೂ ಇದನ್ನೇ ಕಂಡಿತು. ಅಂದು ಯಾರೂ ಕರ್ಮದ ಲೆಕ್ಕ ಕೇಳಲಿಲ್ಲ. ಆದರೆ ಸಾಮಾನ್ಯ ದಿನಗಳಲ್ಲಿ ರಸ್ತೆಯ ಅಪಘಾತದಲ್ಲಿ ಬಿದ್ದವನನ್ನು ಕಂಡು ಪೊಲೀಸು, ಕೋರ್ಟುಗಳ ಭಯದಿಂದ ಸರಿದುಹೋಗುವವರುಂಟು. ಆ ಭಯಕ್ಕೂ ಈಗ ಆಧಾರ ಕಡಿಮೆ. 2016ರಲ್ಲಿ ಸುಪ್ರೀಂ ಕೋರ್ಟು ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳನ್ನು ಮಾನ್ಯಮಾಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ 134ಎ ವಿಧಿಯು ಸದ್ಭಾವದಿಂದ ನೆರವಾದವನಿಗೆ ರಕ್ಷಣೆ ಕೊಟ್ಟಿದೆ. ಕಾಯುವವನನ್ನೂ ಕಾಯಬೇಕೆಂಬ ವಿವೇಕವಿದು.

ಕಾಪಾಡಿದವನ ಮನಸ್ಸು ಹೇಗಿರಬೇಕೆಂಬುದಕ್ಕೆ ನಮ್ಮ ಸಂಪ್ರದಾಯದಲ್ಲಿ ಮಲ್ಪೆಯ ಕಡಲತೀರವೇ ಸಾಕ್ಷಿ. ಅಪಾಯಕ್ಕೆ ಸಿಲುಕಿದ ಹಡಗನ್ನು ಶ್ರೀಮದಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ದಡಕ್ಕೆ ಬರಮಾಡಿಕೊಂಡರು. ನಾವಿಕನು ಬೇಕಾದುದನ್ನು ಕೊಡಲು ಸಿದ್ಧನಾದನು. ಆಚಾರ್ಯರು ಬಯಸಿದ್ದು ಗೋಪೀಚಂದನದ ಗಡ್ಡೆಯನ್ನು ಮಾತ್ರ. ಅದರೊಳಗಿದ್ದ ಶ್ರೀಕೃಷ್ಣನನ್ನು ಉಡುಪಿಯಲ್ಲಿ ಪ್ರತಿಷ್ಠಾಪಿಸಿ ಸಮಸ್ತರಿಗೂ ದರ್ಶನಭಾಗ್ಯವನ್ನಿತ್ತರು. ಮಾಡಿದ ಉಪಕಾರಕ್ಕೆ ಪ್ರತಿಫಲವಾಗಿ ಬಂದುದೂ ಹರಿಸೇವೆಯಾಯಿತು.

ಊರು ಬಿಟ್ಟು ಬಂದ ನಾವು ಮಕ್ಕಳಿಗಾಗಿ ವಿದ್ಯೆ, ಮನೆ, ವಿಮೆ, ಬ್ಯಾಂಕಿನ ಠೇವಣಿಗಳನ್ನು ಕೂಡಿಸುತ್ತೇವೆ. ಅವೆಲ್ಲ ರಕ್ಷಣೆ, ಆವಶ್ಯಕವೇ ಹೌದು. ಆದರೆ ಪರೀಕ್ಷಿತನಿಗೆ ಅರಮನೆಯಿತ್ತು, ಸೇನೆಯಿತ್ತು. ಕೊನೆಯ ಏಳು ದಿನಗಳಲ್ಲಿ ಅವನಿಗೆ ಒದಗಿದ್ದು ಹರಿಕಥೆ. ಮಕ್ಕಳಿಗೆ ‘ಸೇವ್’ ಮಾಡಲು ಕಲಿಸುವಾಗ ಉದ್ಧಾರವೆಂಬ ಪದದ ಅರ್ಥವನ್ನೂ ತಿಳಿಸಿಕೊಡೋಣ. ಬಿದ್ದವನತ್ತ ಮೊದಲು ಕೈಚಾಚುವುದನ್ನು ನಾವೇ ಮಾಡಿ ತೋರಿಸೋಣ.

ಶ್ರೀಕೃಷ್ಣಾರ್ಪಣಮಸ್ತು.