ಒಳಗಣ ಹಗೆ ಯಾರು?

ಕೋಟೆಯನ್ನು ಮುತ್ತಿದ ವೈರಿಯು ಕಣ್ಣಿಗೆ ಕಾಣುವನು. ಕೋಟೆಯೊಳಗಿದ್ದು ಬಾಗಿಲಿನ ಅಗುಳಿಯನ್ನು ಸರಿಸುವವನು ಕಾಣನು. ಇಂತಹ ಗುಪ್ತವೈರಿಗೆ ಕಳೆದ ಶತಮಾನವು ‘ಪಂಚಮದಳ’ವೆಂದು ಹೆಸರಿಟ್ಟಿತು. 1936ರಲ್ಲಿ ಸ್ಪೇನ್ ದೇಶದಲ್ಲಿ ಅಂತರ್ಯುದ್ಧವು ತಲೆದೋರಿ, ದಂಗೆಯೆದ್ದ ಸೇನೆಯ ನಾಲ್ಕು ದಳಗಳು ಮ್ಯಾಡ್ರಿಡ್ ನಗರದತ್ತ ನಡೆಯುತ್ತಿದ್ದಾಗ, ಐದನೆಯ ದಳವು ನಗರದೊಳಗೇ ಇದೆಯೆಂಬ ಮಾತು ಹುಟ್ಟಿತು. ಅದನ್ನಾಡಿದವನು ಎಮಿಲಿಯೊ ಮೋಲಾ ಎಂಬ ಸೇನಾಪತಿಯೆಂದು ಪ್ರತೀತಿ. ನಗರವು 1939ರ ಮಾರ್ಚಿಯವರೆಗೂ ಬೀಳಲಿಲ್ಲ. ನೆರೆಹೊರೆಯ ನಂಬಿಕೆ ಮಾತ್ರ ಅದಕ್ಕೂ ಮೊದಲೇ ಬಿದ್ದಿತು. 1936ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಅಲ್ಲಿಯ ಸೆರೆಮನೆಗಳಿಂದ ಸಾವಿರಾರು ಶಂಕಿತರನ್ನು ಹೊರಗೊಯ್ದು ಕೊಂದರು.

ಶಬ್ದವು ಸಮುದ್ರವನ್ನೂ ದಾಟಿತು. 1942ರಲ್ಲಿ ಅಮೆರಿಕವು ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರು ಆ ದೇಶದ ಪ್ರಜೆಗಳೇ ಆಗಿದ್ದರು. ಅವರ ಅಪರಾಧವು ಕೃತ್ಯವಲ್ಲ, ಜನ್ಮ. 1988ರಲ್ಲಿ ಆ ಸರಕಾರವೇ ತಪ್ಪೊಪ್ಪಿ ಕ್ಷಮೆ ಕೋರಿತು.

ನಮ್ಮಲ್ಲಿಯೂ ಒಳಗಣ ಹಗೆಗೆ ಒಂದು ಹೆಸರುಂಟು: ಅರಿಷಡ್ವರ್ಗ. ಅರಿಯೆಂದರೆ ಶತ್ರು, ಷಡ್ವರ್ಗವೆಂದರೆ ಆರರ ಗುಂಪು. ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯಗಳೇ ಆ ಆರು. ಕೌಟಿಲ್ಯನು ಮೋಹ, ಮಾತ್ಸರ್ಯಗಳಿಗೆ ಬದಲಾಗಿ ಮಾನ, ಹರ್ಷಗಳನ್ನು ಎಣಿಸಿದನು. ಗೂಢಚಾರರ ವಿಷಯವನ್ನು ಅಷ್ಟು ವಿಸ್ತಾರವಾಗಿ ಬರೆದ ಆತನು, ‘ಅರ್ಥಶಾಸ್ತ್ರ’ದಲ್ಲಿ ಅದಕ್ಕೂ ಮೊದಲು ಇಂದ್ರಿಯಜಯವನ್ನು ಹೇಳಿದನೆಂಬುದು ವಿಚಾರಾರ್ಹವಾಗಿದೆ. ತನ್ನನ್ನು ಗೆಲ್ಲದ ಅರಸನ ಕೈಯಲ್ಲಿ ಗೂಢಚಾರನು ದ್ವೇಷದ ಆಯುಧವಾಗುವನು.

ಎರಡು ಶಬ್ದಗಳಿಗೂ ಅರ್ಥವು ಹತ್ತಿರ. ಬೆರಳು ತೋರುವ ದಿಕ್ಕು ಮಾತ್ರ ಬೇರೆ. ಒಂದು ನೆರೆಯವನನ್ನು ತೋರುವುದು, ಇನ್ನೊಂದು ತನ್ನನ್ನೇ.

ಹಾಗಾದರೆ ದ್ರೋಹಿಗಳೇ ಇಲ್ಲವೆ? ಇದ್ದಾರೆ. ದ್ರೋಹವನ್ನು ಕಂಡೂ ಕಾಣದಂತಿರುವುದು ಸಾಧುತ್ವವಲ್ಲ, ಅಲಸತನ. ಆದರೆ ದ್ರೋಹವು ಕೃತ್ಯದಿಂದ ಸಿದ್ಧವಾಗಬೇಕೇ ಹೊರತು ಕುಲದಿಂದಲ್ಲ, ಭಾಷೆಯಿಂದಲ್ಲ, ಗಾಳಿಮಾತಿನಿಂದಲ್ಲ. ಒಟ್ಟುಕುಟುಂಬದಲ್ಲಿ ಕಾಸು ಕಾಣೆಯಾದೊಡನೆ ಸೊಸೆಯನ್ನೋ ಆಳನ್ನೋ ಶಂಕಿಸುವ ಯಜಮಾನನು, ಆ ಶಂಕೆಯನ್ನು ಹುಟ್ಟಿಸಿದುದು ಸಾಕ್ಷ್ಯವೋ ತನ್ನ ಲೋಭವೋ ಎಂದು ಮೊದಲು ಕೇಳಿಕೊಳ್ಳಬೇಕು. ಕಾಸು ಮತ್ತೆ ಸಿಕ್ಕೀತು; ಮುರಿದ ಮನಸ್ಸು ಕೂಡಲಾರದು.

ಕಾವಲು ಬೇಕು. ಆ ಕಾವಲುಗಾರನ ಎದೆಗೂ ಒಂದು ಕಾವಲು ಬೇಕು.